ಬ್ರೇಕಿಗೊಂದು ಬೆರಳು ಆಟ

"ಇಷ್ಟು ಸಣ್ಣ ಕೆಲಸಕ್ಕೆ ಮೆಕ್ಯಾನಿಕ್ ಯಾಕೆ? ನಾನೇನು ಸತ್ತಿದ್ದೀನಾ?" ಎಂದು ಆಟದ ಮೇಷ್ಟ್ರು ಬೆಳಿಗ್ಗೆ ಎಂಟಕ್ಕೇ ಬೈಕಿನ ಮುಂದೆ ನಿಂತು ಅಂಗಿಯ ತೋಳು ಮಡಚಿದಾಗ ಅವರ ಹೆಂಡತಿಯ ಎದೆ ಧಸಕ್ಕೆಂದಿತು. ಹನ್ನೊಂದಕ್ಕೆ ಆಕೆಗೆ ಇದೇ ಬೈಕಿನ ಮೇಲೆ ಲೈಸೆನ್ಸ್ ಪರೀಕ್ಷೆ. ಸೋಮವಾರದಿಂದ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ಸಿಕ್ಕಿತ್ತು. ಲೈಸೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಹಿಂದಿನ ಸಂಜೆ ಹೆಂಡತಿಗೆ ಬ್ರೇಕ್ ಹಾಕುವ ಕಲೆಯನ್ನು ಬೋಧಿಸಲು ಹೋಗಿ, ಮನೆಯ ಮುಂದೆ ಸುರಿದಿದ್ದ ಮರಳಿನ ಮೇಲೆ ಮೇಷ್ಟ್ರು ಸ್ವತಃ ಬಲಕ್ಕೆ ಉರುಳಿದ್ದರು. ಅವರ ಮೊಣಕಾಲು ತರಚಿತ್ತು. ಹಿಂದಿನ ಬ್ರೇಕಿನ ಪೆಡಲ್ ಒಳಕ್ಕೆ ಬಾಗಿ ಇಂಜಿನ್ನಿಗೆ ಒರಗಿಕೊಂಡಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಮೇಷ್ಟ್ರದು. ಉಪಾಯ ಕೇಳಲು ಸ್ಪೀಕರ್ ಹಾಕಿ ಮೆಕ್ಯಾನಿಕ್‌ಗೆ ಫೋನ್ ಮಾಡಿದವರು, ಗಾಡಿ ಬೀಳಿಸಿದ್ದು ಹೆಂಡತಿ ಎಂದು ತಣ್ಣಗೆ ಹೇಳಿಬಿಟ್ಟರು. ಆಕೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಹೆಂಡತಿ ಏನೂ ಅನ್ನದಿದ್ದರೆ ಗಂಡನಾದವನು ಹೆದರಬೇಕು. ಮೇಷ್ಟ್ರಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಪೆಡಲಿಗೆ ಕಬ್ಬಿಣದ ಪೈಪು ತೂರಿಸಿ ಹೊರಗೆಳೆಯಬೇಕು, ಆಮೇಲೆ ಹಿಂಚಕ್ರದ ಹತ್ತಿರ ಬ್ರೇಕ್ ಸರಳಿನ ತುದಿಯ ನಟ್ಟು ತಿರುಗಿಸಿ ಹದ ಮಾಡಬೇಕು ಎಂದು ಮೆಕ್ಯಾನಿಕ್ ವಿವರಿಸಿದ. "ಒಂದು ಬೆರಳಷ್ಟು ಆಟ ಬಿಡಿ ಸಾರ್, ಮರೀಬೇಡಿ" ಎಂದೂ ಸೇರಿಸಿದ. ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವ ಮುಂಚೆ ಅದು ಸ್ವಲ್ಪ ಸುಮ್ಮನೆ ಕೆಳಗಿಳಿಯಬೇಕು, ಅದೇ ಆ ಆಟ. ಇದನ್ನು ಅವನು ಹೇಳುವಷ್ಟರಲ್ಲಿ ಮೇಷ್ಟ್ರು ಫೋನ್ ಇಟ್ಟಾಗಿತ್ತು.

ಪೈಪು ಎಳೆದದ್ದಕ್ಕೆ ಪೆಡಲೇನೋ ಸೊಟ್ಟಸೊಟ್ಟವಾಗಿ ಹೊರಗೆ ಬಂತು. ಎಳೆದ ರಭಸಕ್ಕೆ ಮೇಷ್ಟ್ರು ಹಿಂದಿದ್ದ ನೀರಿನ ಬಕೆಟ್ಟಿನಲ್ಲಿ ಕೂತರು. ಎದ್ದು, ಒದ್ದೆ ಚಡ್ಡಿಯಲ್ಲೇ ಸ್ಪ್ಯಾನರ್ ಹಿಡಿದರು.

"ಆಟ ಬಿಡ್ಬೇಕು ಅಂದ್ರಲ್ವಾ ಅವರು?" ಎಂದಳು ಹೆಂಡತಿ.

"ಇಪ್ಪತ್ತು ವರ್ಷದಿಂದ ಮಕ್ಕಳನ್ನ ಆಟಕ್ಕೆ ಬಿಡ್ತಾ ಇರೋನು ನಾನು. ಬ್ರೇಕ್ ವಿಷಯದಲ್ಲಿ ಆಟ ಆಡಬಾರದು ಕಣೇ. ಅವನು ಹೇಳಿದ್ದು, ಆಟ ಆಡೋದು ಬಿಡಿ ಅಂತ."

ಹೀಗೆ ಅರ್ಥ ಬಿಡಿಸಿ, ನಟ್ಟನ್ನು ಕೈ ನೋಯುವವರೆಗೂ ಬಿಗಿದರು. ಪೆಡಲ್ ಈಗ ಮಿಸುಕಲಿಲ್ಲ. ಮೇಷ್ಟ್ರು ಹೆಮ್ಮೆಯಿಂದ ಮೀಸೆ ತಿರುವಿದಾಗ ಮೀಸೆಗೂ ಒಂದಿಷ್ಟು ಗ್ರೀಸ್ ಸಂದಿತು.

ಹತ್ತಕ್ಕೆ ಮೇಷ್ಟ್ರು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ಇಂಜಿನ್ ಗೋಳಾಡುತ್ತಿತ್ತು, ಗಾಡಿ ಹೆಜ್ಜೆ ಹಾಕುತ್ತಿತ್ತು. ಸೈಕಲ್ಲಿನ ಅಜ್ಜನೊಬ್ಬ ಇವರನ್ನು ದಾಟಿ ಹೋಗುವಾಗ ಕನಿಕರದಿಂದ ತಿರುಗಿ ನೋಡಿದ. ಮುಕ್ಕಾಲು ದಾರಿ ಸವೆದ ಮೇಲೆ ಸುಟ್ಟ ವಾಸನೆ ಬಂತು. ಯಾರೋ ಕಸಕ್ಕೆ ಬೆಂಕಿ ಇಟ್ಟಿರಬೇಕು, ಜನಕ್ಕೆ ಬುದ್ಧಿಯೇ ಇಲ್ಲ ಎಂದು ಮೇಷ್ಟ್ರು ಬೈದರು. ಬೈಯುತ್ತಿರುವಾಗಲೇ ಗಾಡಿ ಕೆಮ್ಮಿ ನಿಂತಿತು. ಹಿಂಚಕ್ರದ ನಡುವಿನಿಂದ ಹೊಗೆ ಏಳುತ್ತಿತ್ತು.

ಗಂಟೆ ಹತ್ತೂಮುಕ್ಕಾಲು. ಪರೀಕ್ಷೆಯ ಮೈದಾನ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು, ಗಾಡಿ ಮಾತ್ರ ತಳ್ಳಿದರೂ ಕದಲಲಿಲ್ಲ. ಮೇಷ್ಟ್ರಿಗೆ ಮೊದಲ ಬಾರಿ ನಿಜವಾಗಿ ಭಯವಾಯಿತು. ನನ್ನಿಂದಾಗಿ ಇವಳ ಕೆಲಸ ಹೋಯಿತಲ್ಲ ಎಂದು ಕಣ್ಣು ಮಂಜಾಯಿತು.

ಹೆಂಡತಿ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಕೈಯಿಗೆ ಕರವಸ್ತ್ರ ಸುತ್ತಿಕೊಂಡು ಗಾಡಿಯ ಟೂಲ್ ಬಾಕ್ಸಿನಿಂದ ಸ್ಪ್ಯಾನರ್ ತೆಗೆದುಕೊಂಡಳು. ಬಿಸಿ ನಟ್ಟನ್ನು ಒಂದೊಂದೇ ಸುತ್ತು ಸಡಿಲಿಸುತ್ತ, ಪ್ರತಿ ಸುತ್ತಿಗೂ ಚಕ್ರ ತಿರುಗಿಸಿ ನೋಡಿದಳು. ಚಕ್ರ ಸರಾಗವಾಗಿ ತಿರುಗಿದ ಮೇಲೆ ಪೆಡಲನ್ನು ಒತ್ತಿದಳು. ಒಂದು ಬೆರಳಷ್ಟು ಇಳಿದು ಗಪ್ಪನೆ ಹಿಡಿಯಿತು. ಹೊಗೆ ನಿಲ್ಲುವವರೆಗೆ ಕಾದು, ಇಬ್ಬರೂ ಗಾಡಿ ತಳ್ಳಿಕೊಂಡು ಮೈದಾನ ಸೇರಿದರು.

ಆಕೆ ಎಂಟರ ಆಕಾರದಲ್ಲಿ ಗಾಡಿಯನ್ನು ಕಾಲೂರದೆ ಸುತ್ತಿಸಿ, ಗೆರೆಯ ಮೇಲೇ ನಿಲ್ಲಿಸಿದಳು. ಮೇಷ್ಟ್ರು ಉಸಿರು ಬಿಡಬೇಕು, ಅಷ್ಟರಲ್ಲಿ ಅಧಿಕಾರಿಯ ದೃಷ್ಟಿ ಸೊಟ್ಟ ಪೆಡಲಿನ ಮೇಲೆ ಬಿತ್ತು.

"ಇದು ಈಚೆಗಷ್ಟೇ ಬಿದ್ದ ಗಾಡಿ. ಬೀಳಿಸಿದೋರು ಯಾರು? ನೀವೇ ಆದ್ರೆ ಇನ್ನೊಂದು ತಿಂಗಳು ಕಲಿತು ಬನ್ನಿ."

ಆಕೆ ಗಂಡನ ಕಡೆ ನೋಡಿದಳು. ಸುತ್ತ ಮೂವತ್ತು ಜನ, ಅವರಲ್ಲಿ ನಾಲ್ವರು ಮೇಷ್ಟ್ರ ಹಳೆಯ ಶಿಷ್ಯರು.

"ಬಿದ್ದೋನು ನಾನು ಸಾರ್" ಎಂದರು ಮೇಷ್ಟ್ರು. ದನಿ ಹೊರಟದ್ದೇ, ಉಳಿದದ್ದೂ ತಾನಾಗಿ ಬಂತು. "ಕೆಡಿಸಿದೋನೂ ನಾನೇ. ಸರಿ ಮಾಡಿದ್ದು ಇವಳು."

ಶಿಷ್ಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅಧಿಕಾರಿ ನಗುತ್ತ ಸಹಿ ಹಾಕಿ, ವಾಪಸ್ ಹೋಗುವಾಗ ಗಾಡಿ ಅಮ್ಮನವರೇ ಓಡಿಸಲಿ ಎಂದು ಸಲಹೆ ಕೊಟ್ಟರು. ಮೇಷ್ಟ್ರು ಹಿಂದೆ ಕೂತರು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಆದರೂ ತಿರುವು ಬಂದಾಗ, ನಾಯಿ ಕಂಡಾಗ, ಏನೂ ಕಾಣದಿದ್ದಾಗಲೂ ಅವರ ಬಲಗಾಲು ಕಾಲಿಡುವ ಕಂಬಿಯನ್ನು ಶಕ್ತಿಮೀರಿ ಒತ್ತುತ್ತಲೇ ಇತ್ತು.

ಮನೆ ಮುಂದೆ ಗಾಡಿ ನಿಂತಾಗ ಬಲಗಾಲು ಸೆಟೆದುಕೊಂಡು ಅವರಿಗೆ ಇಳಿಯಲಾಗಲಿಲ್ಲ. ಹೆಂಡತಿ ಹಿಂದೆ ಕೈ ಚಾಚಿ ಅವರ ಮೊಣಕಾಲು ತಟ್ಟಿದಳು.

"ನಿಧಾನಕ್ಕೆ ಇಳೀರಿ. ದಾರಿಯುದ್ದಕ್ಕೂ ಬ್ರೇಕ್ ಒತ್ತಿದ್ದು ನೀವೇ. ನಾನು ಬರೀ ಗಾಡಿ ನಿಲ್ಲಿಸಿದೆ, ಅಷ್ಟೆ."