ಗೂಟವೆಂದರೆ ಯಾವ ಗೂಟ?

ನಮ್ಮ ಕಚೇರಿಯಲ್ಲಿ ನೌಕರನ ಹಾಜರಿಯನ್ನು ಅವನ ಕೋಟಿನಿಂದ ನಿರ್ಧರಿಸಲಾಗುತ್ತದೆ. ಗೋಡೆಯ ಗೂಟದಲ್ಲಿ ಕೋಟು ತೂಗುತ್ತಿದ್ದರೆ ನೌಕರ ಇದ್ದಾನೆ; ಇಲ್ಲದಿದ್ದರೆ ಇಲ್ಲ. ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿಲ್ಲ. ಹಲವರ ಕೋಟುಗಳು ಬೆಳಗ್ಗೆಯಿಂದ ಸಂಜೆಯವರೆಗೆ ನಿಷ್ಠೆಯಿಂದ ದುಡಿಯುತ್ತವೆ; ಒಡೆಯರು ಹೊರಗೆ ತಮ್ಮ ಪಾಡಿಗೆ ತಾವಿರುತ್ತಾರೆ.

ನನ್ನ ಗ್ರಹಚಾರ ನೋಡಿ, ನನ್ನನ್ನು ಖಾಯಂಗೊಳಿಸುವ ಆದೇಶ ಹೊರಡಬೇಕಿದ್ದ ವಾರವೇ ನನ್ನ ಗೂಟ ಮುರಿಯಿತು. ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತೆ. ಮೇಲಧಿಕಾರಿಗಳು ಗೋಡೆ ನೋಡುತ್ತಾ ಬಂದರು.

"ಇವನೆಲ್ಲಿ?"

"ಇಲ್ಲೇ ಇದೀನಿ ಸಾರ್."

"ನಿನ್ನನ್ನ ಕೇಳಿಲ್ಲ," ಎಂದವರೇ ಗೈರುಹಾಜರಿ ಹಾಕಿಸಿದರು. "ವಾರ ಪೂರ್ತಿ ಹೀಗೇ ಆದ್ರೆ ಕೆಲಸದಿಂದ ತೆಗೀಬೇಕಾಗುತ್ತೆ. ಅವನು ಬಂದ್ರೆ ಹೇಳು."

"ಹೇಳ್ತೀನಿ ಸಾರ್," ಎಂದೆ.

ಉಗ್ರಾಣದವರ ಬಳಿ ಓಡಿದೆ. ಅವರು ಕನ್ನಡಕ ಏರಿಸಿದರು. "ಗೂಟ ಅಂದ್ರೆ ಯಾವ ಗೂಟ? ದನ ಕಟ್ಟೋದೂ ಗೂಟ, ಡೇರೆ ಬಿಗಿಯೋದೂ ಗೂಟ. ಮಂತ್ರಿಗಳ ಕಾರಿನ ಮೇಲಿರೋ ಕೆಂಪು ದೀಪಾನೂ ಗೂಟ. ಕುರ್ಚಿ ಬಿಡದೆ ಕೂತೋರೂ ಗೂಟ ಹೊಡ್ಕೊಂಡಿರ್ತಾರೆ. ಹೋಗ್ಲಿ, ಇಂಗ್ಲಿಷಲ್ಲಿ ಪೆಗ್ ಅಂತ ಬರೆಯೋಣ ಅಂದ್ರೆ, ಬಾಟಲಿ ಎಲ್ಲಿ ಅಂತಾರೆ ಆಡಿಟ್‌ನವರು. ಮೊದಲು ಅರ್ಥ ನಿಗದಿ ಆಗ್ಲಿ."

ಅರ್ಥ ನಿಗದಿಗೆ ಸಮಿತಿ ರಚನೆಯಾಯಿತು. ಕಚೇರಿಯಲ್ಲಿ ನಿಘಂಟು ತೆರೆದು ನೋಡಿದವನು ನಾನೊಬ್ಬನೇ ಆದ್ದರಿಂದ ಕರಡು ನನ್ನ ತಲೆಗೇ ಬಿತ್ತು. ಒಂದು ಮೊಳೆ ತಂದು ಹೊಡೆದಿದ್ದರೆ ಮುಗಿಯುತ್ತಿತ್ತು; ಪಾಂಡಿತ್ಯ ತೋರಿಸುವ ಚಟ ಬಿಡಬೇಕಲ್ಲ! ಊಟ ಬಿಟ್ಟು ಬರೆದೆ: "ಗೂಟವೆಂದರೆ, ತನ್ನ ಮೇಲೆ ಹೇರಿದ್ದನ್ನು ಕಾರಣ ಕೇಳದೆ ಹೊತ್ತು, ಹೇಳಿದ ಜಾಗದಲ್ಲಿ ನಿಲ್ಲತಕ್ಕದ್ದು." ಸಮಿತಿ ಮೇಜು ಕುಟ್ಟಿ ಅಂಗೀಕರಿಸಿತು. ಕರಡು ಬರೆದವನು ಗೈರುಹಾಜರಾಗಿದ್ದುದಕ್ಕೆ ವಿಷಾದವನ್ನೂ ದಾಖಲಿಸಿತು. ಆ ಸಭೆಗೆ ಚಹಾ ಹಂಚಿದವನೂ ನಾನೇ.

ವಾರದ ಕೊನೆಯ ದಿನವೂ ಗೂಟ ಬರಲಿಲ್ಲ. ಮೇಲಧಿಕಾರಿಗಳ ಬೂಟಿನ ಸದ್ದಿಗೆ ಮನೆ ಬಾಡಿಗೆ, ಮಗಳ ಶಾಲೆ ಎಲ್ಲ ಕಣ್ಮುಂದೆ ಬಂದವು. ತೋಚಿದ್ದು ಇಷ್ಟೇ: ಗೂಟವಿದ್ದ ಜಾಗದಲ್ಲಿ ಗೋಡೆಗೆ ಬೆನ್ನು ಹಚ್ಚಿ, ಕೈ ಚಾಚಿ, ಬೆರಳಿಗೆ ಕೋಟು ಸಿಕ್ಕಿಸಿಕೊಂಡು ನಿಂತೆ.

ಅವರು ಕೋಟು ಮುಟ್ಟಿದರು. ನನ್ನ ತೋಳು ಹಿಡಿದು ಅಲ್ಲಾಡಿಸಿದರು.

"ಪರವಾಗಿಲ್ವೇ! ಗಟ್ಟಿ ಮಾಲು ಹಾಕಿದಾರೆ."

ಉಗ್ರಾಣದವರು ವ್ಯಾಖ್ಯಾನದೊಂದಿಗೆ ನನ್ನನ್ನು ತಾಳೆ ನೋಡಿ, ಎಲ್ಲ ಸರಿಯಾಗಿದೆಯೆಂದು ದಾಸ್ತಾನಿಗೆ ಸೇರಿಸಿಕೊಂಡರು. ಪಕ್ಕದ ಮೇಜಿನವನು "ತಪ್ಪು ತಿಳೀಬೇಡಪ್ಪಾ," ಎನ್ನುತ್ತಾ ನನ್ನ ಇನ್ನೊಂದು ಕೈಗೆ ತನ್ನ ಕೋಟು ಹಾಕಿ ಸಿನಿಮಾಕ್ಕೆ ಹೋದ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಾಯ್ತು ರೀ?"

"ಖಾಯಂ ಆಯ್ತು ಕಣೇ."

"ಯಾವ ಹುದ್ದೆ?"

ಹೇಳಿದೆ.

"ಪಿಂಚಣಿ ಉಂಟಾ?"

"ಉಂಟು."

"ಸದ್ಯ, ಬದುಕಿದ್ವಿ!" ಎಂದು ನಿಟ್ಟುಸಿರು ಬಿಟ್ಟು, ತನ್ನ ಕೈಚೀಲವನ್ನು ನನ್ನ ತೋಳಿಗೆ ತಗುಲಿಸಿ ಒಳಗೆ ಹೋದಳು.