ತಪ್ಪೇ ಮಾಡದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಹುಟ್ಟಿದಾಗಿನಿಂದ ಈವರೆಗೆ ಒಂದೇ ಒಂದು ತಪ್ಪು ಮಾಡಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವನದೇ. ಬೇರೆಯವರ ಅಭಿಪ್ರಾಯ ಬೇಕೆಂದರೆ ಕೊಟ್ಟೂರಿನಿಂದ ಹಡಗಲಿಯವರೆಗೆ ಯಾವ ಕಟ್ಟೆಯ ಮೇಲಾದರೂ ಕೂತು ಕೇಳಿ. ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು, ಬೇಗ ಮುಗಿಯುವುದಿಲ್ಲ.

ಒಮ್ಮೆ ಹಲ್ಲು ಕೀಳಿಸಲು ಹರಪನಹಳ್ಳಿಗೆ ಹೊರಟವನು ಹೊಳೆದಂಡೆಯ ಮಾಗಳದ ಬಸ್ಸು ಹತ್ತಿದ. ಸಂಜೆ ಊದಿದ ದವಡೆ ಹಿಡಿದುಕೊಂಡೇ ವಾಪಸು ಬಂದ. ತಪ್ಪು ಬಸ್ಸು ಹತ್ತಿದೆಯಾ ಅಂದರೆ, “ತಪ್ಯಾಕ ಹತ್ತಲಿ? ಹೊಳಿ ನೋಡಿ ಭಾಳ ದಿನ ಆಗಿತ್ತು” ಎಂದ. ಗುಡಿಯಲ್ಲಿ ಎಲ್ಲರೂ ತಪ್ಪಾಯಿತೆಂದು ಕೆನ್ನೆ ಬಡಿದುಕೊಳ್ಳುವಾಗ ಇವನು ದೂರದ ನೆಂಟನಂತೆ ಸುಮ್ಮನೆ ಕೈಮುಗಿದು ನಿಲ್ಲುತ್ತಾನೆ. ದೇವರೂ ರೂಢಿ ಮಾಡಿಕೊಂಡಿದ್ದಾನೆ.

ರೂಢಿ ಮಾಡಿಕೊಳ್ಳದವನು ದೊಡ್ಡವ್ವನ ತಮ್ಮ. ಗೊಬ್ಬರವಾಗಲೆಂದು ತೆಲಿಗಿಯ ತನ್ನ ಬೀಳು ಹೊಲದಲ್ಲಿ ದೊಡ್ಡಪ್ಪನ ಕುರಿಗಳನ್ನು ತರುಬಿ ನಿಲ್ಲಿಸಲು ಅವನೇ ಕರೆದಿದ್ದ. ದೊಡ್ಡಪ್ಪ ಬೇವಿನ ನೆರಳಲ್ಲಿ ಚೂರು ಕಣ್ಣು ಮುಚ್ಚಿದ. ಕುರಿಗಳು ಪಕ್ಕದ ಶೇಂಗಾ ಹೊಲವನ್ನು ಪೂರ್ತಿ ಮುಗಿಸಿದವು. ಅದೂ ಆ ತಮ್ಮನದೇ. ಅವನು ಕೇಳಿದ್ದು ಒಂದೇ, “ತಪ್ಪಾತು ಅಂದ್ಬಿಡು ಮಾವ, ಸಾಕು.”

“ತಿಂದಿದ್ದೂ ನಿನ್ನ ಹೊಲದಾಗ, ಹಿಕ್ಕಿ ಹಾಕಿದ್ದೂ ನಿನ್ನ ಹೊಲದಾಗ. ನಾ ಏನರ ಮನಿಗೆ ಒಯ್ದೀನೇನು?”

ಲೆಕ್ಕ ಸರಿಯಾಗಿತ್ತು, ಸಂಬಂಧ ಹರಿಯಿತು. ಆಮೇಲೆ ಮೂರು ನಾಗರಪಂಚಮಿ ಬಂದರೂ ದೊಡ್ಡವ್ವ ತವರಿನ ಉಂಡಿ ಕಾಣಲಿಲ್ಲ.

ಈ ವರ್ಷ ದೊಡ್ಡಪ್ಪನ ಮಗಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುಮಗಳಿಗೆ ಸೀರೆ ತಂದು, ಅವಳನ್ನು ಹಂದರಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. “ಮಾವ ಬರದಿದ್ರ ನಾ ಏಳಂಗಿಲ್ಲ” ಎಂದು ಅವಳು ಗೋಡೆಗೆ ಮುಖ ಮಾಡಿ ಕೂತಳು. ಕೊನೆಗೆ ದೊಡ್ಡಪ್ಪ, ದೊಡ್ಡವ್ವ, ನಾನು ತೆಲಿಗಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಪಾಠ ಹೇಳಿದೆ: ತಪ್ಪಾತು, ಮೂರೇ ಅಕ್ಷರ. “ಅಂತೀನಿ ಬಿಡು” ಎಂದು ಅವನು ಕಿಟಕಿಯ ಹೊರಗೆ ನೋಡಿದ. ಓದಿದವಳಾಗಿ ನಾನು ನಂಬಿದೆನಲ್ಲ!

ಆ ತಮ್ಮ ನೀರು ಕೊಟ್ಟು, ಎದುರಿಗೆ ಕೂತು ಕಾದ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ, “ಹೊಲಕ್ಕ ಬೇಲಿ ಹಾಕಿಸೀಯಂತಲ್ಲ, ಚಲೋ ಆತು. ಆವಾಗನ ಹಾಕಿಸಬೇಕಿತ್ತು.”

ತಮ್ಮ ಎದ್ದು ಒಳಗೆ ಹೊರಟ. ಆಗ ದೊಡ್ಡವ್ವ ಅಡ್ಡ ಬಂದಳು. “ತಪ್ಪಾತಪ್ಪಾ, ನಂದ ತಪ್ಪಾತು” ಎಂದು, ತಾನು ಎತ್ತಿ ಆಡಿಸಿದ ತಮ್ಮನ ಕಾಲಿಗೆ ಬಗ್ಗಿದಳು.

ದೊಡ್ಡಪ್ಪ ದಡಕ್ಕನೆ ಎದ್ದು ಅವಳ ರಟ್ಟೆ ಹಿಡಿದ. “ಏಳು, ಏಳು. ನಿಂದೇನ್ ತಪ್ಪೈತಿ ಅದರಾಗ?” ಅವಳ ತೋಳು ಹಿಡಿದುಕೊಂಡೇ ಅಳತೊಡಗಿದ. ಅವನು ಅತ್ತದ್ದನ್ನು ನಾನು ನೋಡಿರಲೇ ಇಲ್ಲ. ನನಗೂ ಅಳು ಬಂತು.

ತಮ್ಮ ಅವನನ್ನೇ ನೋಡುತ್ತಾ ನಿಂತ. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದ, “ಹುಡುಗಿಗೆ ಯಾವ ಬಣ್ಣದ ಸೀರಿ ತರ್ಲಿ, ಅಕ್ಕಾ?”