ಮುಟ್ಟಿದ್ದು ಲೈಟು, ಮೈಲಿಗೆಯಾದದ್ದು ಎಸಿ

ಕೆಟ್ಟ ಸುದ್ದಿಗೆ ಒಂದು ಜಾಣತನವಿದೆ. ಹೆಂಗಸರ ಎರಡು ಕೈಯೂ ಕೊಳೆಯಾಗಿರುವ ಹೊತ್ತು ನೋಡಿಯೇ ಅದು ಫೋನಿನಲ್ಲಿ ಬರುತ್ತದೆ. ಆ ಗುರುವಾರ ನಾನು ಬಚ್ಚಲ ಕಟ್ಟೆಯ ಹತ್ತಿರ ಕೂತು, ಮರುದಿನದ ಪೂಜೆಗೆಂದು ದೇವರ ದೀಪ, ಹರಿವಾಣ, ಗಂಟೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕೊಳೆಯಾಗದೆ ಉಳಿದಿದ್ದ ಕಿರುಬೆರಳಿನಿಂದ ಫೋನ್ ಒತ್ತಿದೆ. ಇವರ ದನಿ ಚಿಕ್ಕಮಗಳೂರಿನಿಂದ, ಕಾರಿನ ಸರ್ವಿಸ್ ಸೆಂಟರಿನಿಂದ, ಮೇಷ್ಟರ ಹತ್ತಿರ ಪೆಟ್ಟು ತಿಂದ ಹುಡುಗನ ದನಿಯ ಹಾಗೆ ಕೇಳಿಸಿತು. ನಾವು ಕಾರಿಗೆ ಹೊರಗಿನ ಅಂಗಡಿಯಲ್ಲಿ ಲೈಟು ಹಾಕಿಸಿದ್ದೇವಂತೆ, ಆದ್ದರಿಂದ ಕೆಟ್ಟಿರುವ ಎಸಿಗೆ ವಾರಂಟಿ ಸಿಗುವುದಿಲ್ಲವಂತೆ. ಬೇಕಾದರೆ ಲೈಟು ಬಿಚ್ಚಿಸಿಕೊಂಡು ಬರಬೇಕಂತೆ.

ಮೂಡಿಗೆರೆಯ ಕಡೆಯವರಿಗೆ ಎಸಿ ಯಾಕಪ್ಪಾ ಎಂದು ಬಯಲುಸೀಮೆಯ ನೆಂಟರು ನಗುತ್ತಾರೆ. ನಮಗೆ ಎಸಿ ತಂಪಿಗಲ್ಲ. ತಂಪನ್ನು ದೇವರು ಧಾರಾಳವಾಗಿಯೇ ಕೊಟ್ಟಿದ್ದಾನೆ. ಮಂಜಿನಲ್ಲಿ ಹೋಗುವಾಗ ನಮ್ಮದೇ ಉಸಿರು ಮುಂದಿನ ಗಾಜಿಗೆ ಒಳಗಿನಿಂದ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲಿಕ್ಕೆ ಎಸಿ ಬೇಕು. ಅದು ಕೆಟ್ಟ ಮೇಲೆ ಒಂದು ಸಲ ಕೊಟ್ಟಿಗೆಹಾರದಿಂದ ಮನೆಯವರೆಗೆ ನಾನೇ ಎಸಿಯಾಗಿದ್ದೆ. ಬೈರಾಸು ಹಿಡಿದು ಗಾಜು ಒರೆಸುತ್ತಾ ಬಂದೆ. ಒರೆಸಿದರೆ ಇವರು ಕೈ ಅಡ್ಡ ಬಂತು ಎಂದರು, ನಿಲ್ಲಿಸಿದರೆ ದಾರಿ ಕಾಣುವುದಿಲ್ಲ ಎಂದರು. ಈಗ ಮುಂದಿನ ಬುಧವಾರ ಅತ್ತೆಯನ್ನು ಕರೆತರಬೇಕಿತ್ತು. ಅವರು ಮಂಗಳೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಘಟ್ಟದ ಕೆಳಗೆ ನಾದಿನಿಯ ಮನೆಯಲ್ಲಿದ್ದರು. ಚಾರ್ಮಾಡಿ ಹತ್ತಲು ಎಸಿಯೂ ಬೇಕು, ಮಂಜಿಗೆಂದೇ ಹಾಕಿಸಿದ ಆ ಹಳದಿ ಲೈಟೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುವುದು, ಹೊಸದಾಗಿ ಬಂದ ಕಣ್ಣಿಗೆ ಯಾವ ಕಡೆಯಿಂದ ಪ್ರಪಾತ ತೋರಿಸೋಣ ಎಂದು ಕೇಳಿದ ಹಾಗೆ.

ಲೈಟಿನ ವಿಷಯದಲ್ಲಿ ಇವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಹೊಸ ಕಾರು ಬಂದ ವಾರವೇ ಇವರ ಕೈ ತುರಿಸಲು ಶುರುವಾಗಿತ್ತು. ಹೊಸ ಸೊಸೆ ಬಂದ ಮನೆಯಲ್ಲಿ ಎಲ್ಲರಿಗೂ ಏನಾದರೂ ತಿದ್ದಬೇಕು ಎನಿಸುವುದಿಲ್ಲವೇ, ಹಾಗೆ. ಮೂಡಿಗೆರೆಯ ಅಂಗಡಿಯಲ್ಲಿ ಎರಡು ಹಳದಿ ಲೈಟು ಹಾಕಿಸಿ ತಂದರು. ಹಾರನ್ ಬದಲಾಯಿಸಲಿಲ್ಲವಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ನನ್ನ ಕಡೆಯಿಂದಲೂ ಡ್ಯಾಶ್‌ಬೋರ್ಡಿನ ಮೇಲೆ ಒಬ್ಬ ಗಣಪತಿ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಸೇರಿದ್ದವು. ಪುಣ್ಯಕ್ಕೆ ಅವನ್ನು ಹೊರಗಿನ ಪಾರ್ಟು ಎಂದು ಯಾರೂ ಎತ್ತಲಿಲ್ಲ.

ಇವರು ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದರು. ಶುಕ್ರವಾರ ಪೂಜೆ ಮುಗಿಸಿ ಶನಿವಾರ ನಾನೂ ಜೊತೆಗೆ ಹೊರಟೆ. ತೋಟದಲ್ಲಿ ಇವರು ಕೂಗಿದರೆ ಆಚೆ ಗುಡ್ಡದವರೂ ಓಗೊಡುತ್ತಾರೆ. ಟೈ ಕಟ್ಟಿದವರ ಎದುರು ಮಾತ್ರ 'ಹೌದು ಸಾರ್' ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಸರ್ವಿಸ್ ಸೆಂಟರಿನ ಅಡ್ವೈಸರ್ ಒಳ್ಳೆಯವರೇ. ಕೂರಿಸಿ, ಕಾಫಿ ಕೊಟ್ಟರು. ಕಾಫಿ ನಾಡಿನಲ್ಲಿ ಅಂಥ ಕಾಫಿ ಎಲ್ಲಿ ಹುಡುಕಿ ತಂದರೋ ತಿಳಿಯದು. ಆಮೇಲೆ ಗುರುವಾರ ಇವರಿಗೆ ಹೇಳಿದ್ದನ್ನೇ ಇನ್ನೊಮ್ಮೆ, ಇನ್ನೂ ಮೆತ್ತಗೆ ಹೇಳಿದರು. ಹೊರಗೆ ವೈರಿಂಗ್ ಮುಟ್ಟಿಸಿದರೆ ವಾರಂಟಿ ಹೋಯಿತು ಎಂದೇ ಲೆಕ್ಕವಂತೆ.

ನನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಲೈಟು ಇರುವುದು ಮೂತಿಯಲ್ಲಿ, ಹಾಕಿದರೆ ಈಗಲೂ ಉರಿಯುತ್ತದೆ, ಕೆಟ್ಟಿರುವುದು ಎಸಿ.

"ಲೈಟಿಂದಲೇ ಎಸಿ ಕೆಟ್ಟಿದ್ದು ಅಂತ ಬಿಚ್ಚಿ ತೋರ್ಸಿ, ಬಾಯಿ ಮುಚ್ಕೊಂಡು ದುಡ್ಡು ಕೊಟ್ಟು ಹೋಗ್ತೀವಿ," ಎಂದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರೆ, ಒಂದು ಕಡೆ ಮುಟ್ಟಿದ ಕೂಡ್ಲೆ ಇಡೀ ಗಾಡಿ ಮೈಲಿಗೆ ಆಗಿಬಿಡುತ್ತಾ?"

ಪಕ್ಕದಲ್ಲಿ ಇವರಿಗೆ ಇದ್ದಕ್ಕಿದ್ದ ಹಾಗೆ ಕೆಮ್ಮು ಹತ್ತಿತು. ಕಾಫಿ ನೆತ್ತಿಗೇರಿತೇನೋ ಎಂದು ಬೆನ್ನು ತಟ್ಟಿದೆ.

ಅಡ್ವೈಸರ್ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದರು. ಬಿಚ್ಚಿ ನೋಡುವುದು ಎಂದಾಯಿತು. ನಾನು ಕೂತಲ್ಲೇ ಮನಸ್ಸಿನಲ್ಲಿ ಹೊರನಾಡಿನ ಅಮ್ಮನಿಗೆ ಅಕ್ಕಿ ಹರಕೆ ಹೇಳಿಕೊಂಡೆ. ಮಧ್ಯಾಹ್ನ ಅವರೇ ಬಂದು, ಎಸಿಯ ಪೈಪಿನ ಜೋಡಣೆಯಲ್ಲಿ ಗ್ಯಾಸ್ ಸೋರುತ್ತಿದೆ, ಅದು ಕಂಪನಿಯ ಕಡೆಯದೇ ದೋಷ ಎಂದು ಒಪ್ಪಿಕೊಂಡರು. ಲೈಟಿನ ವೈರು, ಫ್ಯೂಸು ಎಲ್ಲ ಬೇರೆಯೇ ಇದ್ದವಂತೆ. ವಾರಂಟಿಯಲ್ಲೇ ಸರಿ ಮಾಡಿಕೊಟ್ಟರು. ಮುಂದೆ ಆ ಲೈಟಿನಿಂದಾಗಿ ಏನಾದರೂ ಸುಟ್ಟರೆ ಅದು ಮಾತ್ರ ನಿಮ್ಮದು ಎಂದೂ ಹೇಳಿದರು. ನ್ಯಾಯದ ಮಾತು, ತಲೆಯಾಡಿಸಿದೆ. ದಾರಿಯುದ್ದಕ್ಕೂ ನನಗೇ ನನ್ನ ಮೇಲೆ ಸ್ವಲ್ಪ ಗೌರವ ಬಂದಿತ್ತು. ಇವರೂ ಹೊಗಳಿದರು. ಹೊಗಳುವಾಗ ಅವರ ಮೀಸೆಯಡಿ ಒಂದು ನಗು ಇತ್ತು. ಅದನ್ನು ಅಭಿಮಾನ ಎಂದುಕೊಂಡೆ.

ಬುಧವಾರ ಘಟ್ಟದಲ್ಲಿ ಮಂಜು ಗೋಡೆಯ ಹಾಗೆ ನಿಂತಿತ್ತು. ಹಳದಿ ಬೆಳಕು ರಸ್ತೆಯ ಅಂಚನ್ನು ಒಂದೊಂದೇ ತಿರುವಾಗಿ ಹುಡುಕಿಕೊಟ್ಟಿತು, ಗಾಜು ಕನ್ನಡಿಯಂತಿತ್ತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಸುಖವಾಗಿ ನಿದ್ದೆ ಮಾಡುತ್ತಾ ಮನೆ ಸೇರಿದರು. ದೇವರು ದೊಡ್ಡವನು.

ಶುಕ್ರವಾರ ನಾನು ಮಡಿಯಲ್ಲಿ ನೈವೇದ್ಯಕ್ಕೆ ಪಾಯಸ ಇಟ್ಟಿದ್ದೆ. ನಮ್ಮಲ್ಲಿ ಅವತ್ತು ಪೂಜೆಯಾಗುವ ತನಕ, ಸ್ನಾನವಾಗದವರು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಯಾರಾದರೂ ಏನಾದರೂ ಮುಟ್ಟಿದರೆ ಒಲೆಯ ಮೇಲಿದ್ದುದೆಲ್ಲ ಕೊಟ್ಟಿಗೆಗೆ; ನಾನು ಮತ್ತೆ ಮಿಂದು ಮೊದಲಿನಿಂದ ಶುರು. ಇಷ್ಟು ವರ್ಷ ಇವರು ಹೊಸ್ತಿಲಾಚೆಯೇ ನಿಂತು ಕಾಫಿ ಕೇಳಿದವರು. ಅವತ್ತು ತೋಟದಿಂದ ಬಂದವರು ನೆಟ್ಟಗೆ ಒಳಗೆ ಬಂದು ಸಕ್ಕರೆ ಡಬ್ಬಿಗೇ ಕೈ ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ,

"ಮುಟ್ಟಿದ್ದು ಸಕ್ಕರೆ ಡಬ್ಬಿ ಮಾರಾಯ್ತಿ. ಪಾಯಸ ಆ ಕಡೆ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ, ತೋರ್ಸು," ಎಂದರು.

ಪಾಯಸಕ್ಕೆ ಸಕ್ಕರೆ ಬೀಳುತ್ತದೆ ಎಂದು ಹೇಳಬಹುದಿತ್ತು. ಅವತ್ತು ನಾನು ಮಾಡಿದ್ದು ಬೆಲ್ಲದ ಪಾಯಸ.

ಹೊಸ್ತಿಲಾಚೆ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ನನಗೆ ಮಡಿ ಕಲಿಸಿದವರೇ ಅವರು. ಇಂಥ ಸಾಕ್ಷಿ ಇರುವಾಗ ಭಯವೇನು ಎಂದು, "ನೀವೇ ಹೇಳಿ ಅತ್ತೆ, ಇದು ನೀವೇ ಹಾಕಿಕೊಟ್ಟ ಕ್ರಮ ಅಲ್ವಾ?" ಎಂದೆ.

ಅತ್ತೆ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. "ಮಿಂದು ಅಡುಗೆ ಮಾಡು ಅಂದಿದ್ದೆ, ಅಷ್ಟೇ ಕಣೆ. ಉಳಿದಿದ್ದೆಲ್ಲ ನೀನೇ ಹೊರಗಿಂದ ತಂದು ಸೇರ್ಸಿದ್ದು."

ನೆನಪು ಮಾಡಿಕೊಂಡೆ. ಹೊಸ್ತಿಲಿನ ನಿಯಮ ನಮ್ಮ ದೊಡ್ಡಮ್ಮನ ಮನೆಯದು. ಮುಟ್ಟಿದರೆ ಎಲ್ಲವನ್ನೂ ಚೆಲ್ಲುವುದು ಟಿವಿಯಲ್ಲಿ ಬೆಳಿಗ್ಗೆ ಬರುವ ಜ್ಯೋತಿಷಿಗಳದು. ಎರಡನ್ನೂ ನಾನೇ ಕೂಡಿಸಿ, ಅತ್ತೆಯ ಹೆಸರಿನಲ್ಲಿ ಇಷ್ಟು ವರ್ಷ ಓಡಿಸಿದ್ದೆ. ಈಗ ಕಂಪನಿಯವರೇ ಕೈ ಬಿಟ್ಟರು.

ಪಾಯಸ ಕೊಟ್ಟಿಗೆಗೆ ಹೋಗಲಿಲ್ಲ. ಇವರಿಗೆ ಕಾಫಿಯನ್ನು ಒಳಗೇ ಕೊಟ್ಟೆ. ಅವರು ಕುಡಿದು ಆಚೆ ಹೋದ ಮೇಲೆ, ಅತ್ತೆಯ ಹೊಸ ಕಣ್ಣು ಈ ಕಡೆ ಇಲ್ಲವೆಂದು ನೋಡಿಕೊಂಡು, ಸಕ್ಕರೆ ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಡಬ್ಬಿಯನ್ನು ಮಾತ್ರ. ಆಮೇಲೆ ಕಾಯಿ ತುರಿಯಲು ಕೂತೆ.